ತಿಕ್ಕಿದ ಮುಖ

ಒಂಬತ್ತನೆಯ ಕಾಲಂ ಕಣ್ಣಿಗೆ ಬಿದ್ದಾಗಲೆಲ್ಲ ಬಿಂದುಶ್ರೀ ಜೀಪಿನ ಕಿಟಕಿಯಾಚೆ ನೋಡುತ್ತಿದ್ದಳು. ನೋಡುವುದಕ್ಕೆ ಅಲ್ಲಿ ಹೊಸದೇನೂ ಇರಲಿಲ್ಲ. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆ, ಮಾರ್ಚ್ ತಿಂಗಳ ಕೆಂಪು ಧೂಳು, ಸಾಲುಸಾಲು ಅಕೇಶಿಯಾ, ಒಂದು ತಂಗುದಾಣದಲ್ಲಿ ಪುಸ್ತಕ ಬಿಚ್ಚಿಕೊಂಡು ಪರೀಕ್ಷೆಗೆ ಹೊರಟ ನಾಲ್ಕು ಹುಡುಗಿಯರು. ಮತ್ತೆ ಕಣ್ಣು ತೊಡೆಯ ಮೇಲಿನ ತಪಾಸಣಾ ನಮೂನೆಗೇ ಬರುತ್ತಿತ್ತು. ಮೊದಲ ಎಂಟು ಕಾಲಂಗಳನ್ನು ಅವಳು ನಿನ್ನೆ ಸಂಜೆ ಸಾಗರದ ಲಾಡ್ಜಿನಲ್ಲೇ ತುಂಬಿ ಮುಗಿಸಿದ್ದಳು: ಸಂಗ್ರಹಾಲಯದ ಹೆಸರು, ಕಟ್ಟಡದ ಸ್ಥಿತಿ, ವಸ್ತುಗಳ ಸಂಖ್ಯೆ. ನೋಡದೆಯೇ ತುಂಬುವಷ್ಟು ಅದು ಗೊತ್ತಿದ್ದ ಜಾಗ. ಒಂಬತ್ತನೆಯದು ಹೀಗಿತ್ತು: ಅಜ್ಞಾನ ಅಥವಾ ನಿರ್ಲಕ್ಷ್ಯದಿಂದ ಯಾವುದಾದರೂ ವಸ್ತುವಿಗೆ ಹಾನಿಯಾಗಿದೆಯೇ? ಆಗಿದ್ದರೆ ಯಾರಿಂದ, ಹೇಗೆ? ಅಲ್ಲಿ 'ಹೌದು, ಪಾಲಕರಿಂದ' ಎಂದು ಬರೆದರೆ ಮುಂದಿನದು ತಾನಾಗಿಯೇ ನಡೆಯುತ್ತದೆ. ಒಂದು ಲಾರಿ ಬರುತ್ತದೆ, ವಸ್ತುಗಳೆಲ್ಲ ಜಿಲ್ಲಾ ಕೇಂದ್ರದ ಗೋದಾಮು ಸೇರುತ್ತವೆ, ಪಾಲಕರಾದ ಯಜ್ಞನಾರಾಯಣ ಮೇಷ್ಟ್ರು ಮೂವತ್ತು ವರ್ಷ ಊರೂರು ಅಲೆದು ಕೂಡಿಟ್ಟದ್ದು ಎರಡು ಖಾಲಿ ಕೋಣೆಗಳಾಗುತ್ತದೆ. 'ಇಲ್ಲ' ಎಂದು ಬರೆಯುವಂತಿಲ್ಲ. ಹಾನಿಯಾಗಿದೆ ಎಂದು ಲೇಖನ ಬರೆದು ಲೋಕಕ್ಕೆಲ್ಲ ಸಾರಿದವಳು ಅವಳೇ. 'ನಿಮಗೇನು ಮೇಡಂ, ಹೋಗೋ ಮೊದಲೇ ಅರ್ಧ ವರದಿ ಅಚ್ಚಾಗಿದೆ' ಎಂದು ಮೈಸೂರಿನ ಕಚೇರಿಯಲ್ಲಿ ಮೇಲಧಿಕಾರಿ ಗಿರಿಧರ ನಕ್ಕಿದ್ದರು. ನಾನು ಹೋಗುವುದಿಲ್ಲ ಎನ್ನಬಹುದಿತ್ತು. ಹಾಗೆನ್ನುವುದಕ್ಕೆ ಒಂದು ಕಾರಣ ಕೊಡಬೇಕಿತ್ತು, ಆ ಕಾರಣವನ್ನು ಅವಳು ಹನ್ನೊಂದು ವರ್ಷದಿಂದ ಯಾರಿಗೂ ಹೇಳಿರಲಿಲ್ಲ.

"ಆ ಮ್ಯೂಸಿಯಂನಲ್ಲಿ ಎಂತ ಇಟ್ಟಿದಾರೆ ಮೇಡಂ?" ಎಂದ ಡ್ರೈವರ್ ದುರ್ಗೇಶ್. ತೀರ್ಥಹಳ್ಳಿಯ ಕಡೆಯವನು, ಮಾತಿಲ್ಲದಿದ್ದರೆ ನಿದ್ದೆ ಬರುತ್ತದೆಂದು ಹತ್ತುವಾಗಲೇ ಹೇಳಿದ್ದ. ಭತ್ತ ಅಳೆಯುವ ಕೊಳಗ, ಸಿದ್ದೆ, ನೊಗ, ಮಣೆ, ಮುಳುಗಿದ ಊರುಗಳ ದೇವರ ಸಾಮಾನು ಎಂದು ಅವಳು ಹೇಳಿದಳು. "ಅಷ್ಟೇನಾ? ನಮ್ಮಜ್ಜನ ಮನೆ ಅಟ್ಟ ಹತ್ತಿದ್ರೆ ಅದೇ ಇರೋದು. ಅದನ್ನ ನೋಡಕ್ಕೆ ನಿಮ್ಮನ್ನ ಮೈಸೂರಿಂದ ಕಳ್ಸ್ತಾರಾ?" ಅವನು ತಮಾಷೆಗೆ ಕೇಳಿದ್ದು. ಆದರೆ ಬಿಂದುಶ್ರೀಗೆ ತನ್ನ ಇಪ್ಪತ್ತೆರಡನೆಯ ವಯಸ್ಸಿನ ಮಾತನ್ನು ಬೇರೊಬ್ಬರ ಬಾಯಲ್ಲಿ ಕೇಳಿದಂತಾಯಿತು. ಎಂ.ಎ. ಎರಡನೇ ವರ್ಷದಲ್ಲಿ ಆರು ವಾರದ ಇಂಟರ್ನ್‌ಶಿಪ್ ಕಡ್ಡಾಯವಾಗಿತ್ತು. ಸಹಪಾಠಿ ಹರ್ಷವರ್ಧನನಿಗೆ ದೆಹಲಿ ಸಿಕ್ಕಿತು, ಇನ್ನಿಬ್ಬರಿಗೆ ಹಂಪಿ; ಶಿಫಾರಸು ಹೇಳಿಸುವವರಿಲ್ಲದ, ಕಾರ್ಗಲ್ ಕ್ವಾರ್ಟರ್ಸಿನ ಎಲೆಕ್ಟ್ರಿಷಿಯನ್ ಧರ್ಮಪ್ಪನ ಮಗಳಿಗೆ ಹೊಸನಗರದ ಆಚೆ ಮಕ್ಕಳಿಲ್ಲದೆ ಮುಚ್ಚಿಹೋದ ಒಂದು ಪ್ರಾಥಮಿಕ ಶಾಲೆ. ಅದರ ಕೊನೆಯ ಹೆಡ್‌ಮಾಸ್ತರರೇ ಅದನ್ನು ಸಂಗ್ರಹಾಲಯ ಮಾಡಿಕೊಂಡಿದ್ದರು. ಗೋಡೆಯ ಮೇಲೆ ಇನ್ನೂ ಮಗ್ಗಿ ಇತ್ತು, ಮಗ್ಗಿಯ ಕೆಳಗೆ ಬೀಸುವ ಕಲ್ಲು. ಮೊದಲ ದಿನ ಅಲ್ಲಿ ನಿಂತಾಗ ಅವಳಿಗೆ ಅಳು ಬಂದಿತ್ತು, ದುಃಖಕ್ಕಲ್ಲ, ಅವಮಾನಕ್ಕೆ. ಗೆಳತಿಯರಿಗೆ ಊರಿನ ಹೆಸರು ಹೇಳದೆ 'ಶಿವಮೊಗ್ಗ ಹತ್ರ ಒಂದು ಫೀಲ್ಡ್ ಸೈಟ್' ಎಂದು ಸಂದೇಶ ಕಳಿಸಿದ್ದಳು. ಸುಳ್ಳಿನ ಕೈಕೆಲಸದಲ್ಲಿ ತನಗೆ ಮೊದಲಿನಿಂದಲೂ ಒಂದಿಷ್ಟು ಅಭ್ಯಾಸವಿತ್ತು ಎಂದು ಈಗ ಅನ್ನಿಸುತ್ತದೆ.

ಅಂಥ ಜಾಗದಲ್ಲಿ ಕಲಿಯುವುದೇನಿದೆ ಎಂದುಕೊಂಡವಳು ಕಲಿತದ್ದನ್ನು ಇವತ್ತಿಗೂ ಉಣ್ಣುತ್ತಿದ್ದಾಳೆ. ಮೇಷ್ಟ್ರ ಬಳಿ ಒಂದು ಉದ್ದದ ರಿಜಿಸ್ಟರು, ಶಾಲೆಯ ಹಾಜರಿ ಪುಸ್ತಕದ ಖಾಲಿ ಹಾಳೆಗಳನ್ನು ಹೊಲಿದು ಮಾಡಿದ್ದು. ವಸ್ತು ತಂದವರನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕೊಟ್ಟು, ಮೂರೇ ಪ್ರಶ್ನೆ ಕೇಳುತ್ತಿದ್ದರು. ಯಾರ ಮನೆಯದು, ಕೊನೆಗೆ ಮುಟ್ಟಿದವರು ಯಾರು, ಮನೆಯಿಂದ ಹೊರಗೆ ತರುವಾಗ ಇದಕ್ಕೆ ಏನು ಹೇಳಿ ತಂದಿರಿ. ಮೂರನೆಯ ಪ್ರಶ್ನೆಗೆ ಜನ ಮೊದಲು ನಾಚುತ್ತಿದ್ದರು, ಆಮೇಲೆ ಹೇಳಿಬಿಡುತ್ತಿದ್ದರು. ಒಬ್ಬ ತನ್ನ ಅಪ್ಪನ ನೊಗಕ್ಕೆ 'ಬೇಜಾರು ಮಾಡ್ಕಬೇಡ' ಎಂದು ಹೇಳಿ ತಂದಿದ್ದ. ಅರಳಸುರಳಿಯ ಮುದುಕಿಯೊಬ್ಬಳು ಮಣೆಗೆ ಏನೂ ಹೇಳಿರಲಿಲ್ಲ, ಕೈ ಮುಗಿದಿದ್ದಳು, ಮೇಷ್ಟ್ರು ಅದನ್ನೂ ಬರೆದಿದ್ದರು. ಈಗ ಮೈಸೂರಿನಲ್ಲಿ ಹೊಸಬರಿಗೆ ದಾಖಲಾತಿ ಕಲಿಸುವಾಗ ಆ ಮೂರನೆಯ ಪ್ರಶ್ನೆಯನ್ನು ಎಲ್ಲರೂ 'ಬಿಂದು ಮೇಡಂ ಕಾಲಂ' ಎನ್ನುತ್ತಾರೆ. ಮೊದಲ ಸಲ ಹಾಗೆಂದಾಗ ತಿದ್ದಬೇಕೆಂದಿದ್ದಳು. ಯಾರೋ ಚಹಾ ತಂದರು, ಮಾತು ಬೇರೆಡೆ ಹೊರಳಿತು, ಎರಡನೆಯ ಸಲಕ್ಕೆ ತಿದ್ದುವುದು ಕಷ್ಟವಾಯಿತು, ಮೂರನೆಯ ಸಲಕ್ಕೆ ಅದು ಅವಳದೇ ಆಗಿಹೋಯಿತು.

ಜೀಪು ಶಾಲೆಯ ಅಂಗಳದಲ್ಲಿ ನಿಂತಾಗ ಮೇಷ್ಟ್ರು ಬಾಗಿಲಲ್ಲೇ ಇದ್ದರು. ಎಪ್ಪತ್ತು ದಾಟಿದೆ, ಬೆನ್ನು ಮಾತ್ರ ಕಪ್ಪುಹಲಗೆಯ ಮುಂದೆ ನಿಂತಷ್ಟೇ ನೇರ. "ಬನ್ನಿ, ಬನ್ನಿ. ಪ್ರಯಾಣ ಸುಖವಾಯ್ತಾ ನಿಮಗೆ?" ಎಂದರು. ಆರು ವಾರ 'ಏನೇ ಹುಡುಗಿ, ಇಲ್ಲಿ ಬಾರೇ' ಎಂದು ಕರೆದವರು. ಬಹುವಚನ ಕಿವಿಗೆ ಬಿದ್ದೊಡನೆ ಅವಳಿಗೆ ಮುಖ ತಗ್ಗಿತು. ಇದು ಕಚೇರಿಯಿಂದ ಬಂದವಳಿಗೆ ಕೊಟ್ಟ ಮರ್ಯಾದೆಯೋ, ಅಥವಾ ನೀನು ಇನ್ನು ನಮ್ಮವಳಲ್ಲ ಎಂಬ ತೀರ್ಪೋ ಎಂದು ತೂಗುತ್ತ ನಿಂತಳು. ಪಕ್ಕದ ಮನೆಯಿಂದ ಮೇಷ್ಟ್ರ ಹೆಂಡತಿ ಮೀನಾಕ್ಷಮ್ಮ ಬೇಲಿಯ ಮೇಲೆ ಬಗ್ಗಿ ಗಂಡನನ್ನು ಕೇಳಿದರು. "ಆಸ್ರಿಗೆ ಎಂತ ಬೇಕು ಕೇಳಿದ್ರಾ? ಮಜ್ಜಿಗೆ ಇದ್ದು, ಬೆಲ್ಲವೂ ಇದ್ದು." ಆ ಹೆಂಗಸು ಅವಳನ್ನು ನೋಡಿ ನಕ್ಕರು. ಆ ನಗೆಯಲ್ಲಿ ಏನನ್ನೂ ತೂಗುವ ಅಗತ್ಯವಿರಲಿಲ್ಲ, ಆದರೂ ಅವಳು ತೂಗಿದಳು. ಬೆಲ್ಲ ಬಾಯಿಗೆ ಹಾಕಿಕೊಂಡು ನೀರನ್ನು ಗಟಗಟ ಕುಡಿದು ಕೆಮ್ಮಿದಳು. ಮೇಷ್ಟ್ರು 'ನಿಧಾನ' ಎಂದರು.

ಎರಡನೆಯ ಕೋಣೆಯ ಮೂಲೆಯಲ್ಲಿ ಅದಿತ್ತು. ಅಂಗೈಯಗಲದ ಹಿತ್ತಾಳೆಯ ಮುಖ, ಮಾಸ್ತಮ್ಮ ಎಂಬಾಕೆಯ ಮನೆದೇವತೆ ಚೌಡಿ. ಮಾಸ್ತಿಕಟ್ಟೆಯ ಕಡೆ ಅವರ ಜಮೀನು ಮಾಣಿ ಅಣೆಕಟ್ಟಿನ ನೀರಿಗೆ ಹೋಯಿತು. ಚೌಡಿ ಕೂತಿದ್ದ ಮರವೂ ಹೋಯಿತು. ಮುಖವೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದ ಮಾಸ್ತಮ್ಮ, ಮಗನ ಹೊಸ ಮನೆಯಲ್ಲಿ ಉಗ್ರ ದೇವರನ್ನು ಇಡಬಾರದೆಂದು ಯಾರೋ ಹೇಳಿದ ಮೇಲೆ, ಮೇಷ್ಟ್ರಿಗೆ ತಂದು ಕೊಟ್ಟಳು. ಒಂದು ಕರಾರಿನ ಮೇಲೆ: ದೀಪಾವಳಿ ಕಳೆದ ಮೊದಲ ಮಂಗಳವಾರ ತಾನು ಬಂದು ಎಣ್ಣೆ ಹಚ್ಚಿ, ಕುಂಕುಮವಿಟ್ಟು, ದೀಪ ಬೆಳಗಿಸಿ ಹೋಗುತ್ತೇನೆ. ಮೇಷ್ಟ್ರು ಒಪ್ಪಿದರು. ಯಾವ ಸಂಗ್ರಹಾಲಯದ ನಿಯಮದಲ್ಲೂ ಇಲ್ಲದ ಈ ಒಪ್ಪಂದ ಎಂಟು ವರ್ಷ ನಡೆಯಿತು. ನೂರಾರು ವರ್ಷದ್ದೆನ್ನಿಸುವ ಎಣ್ಣೆ, ಕುಂಕುಮ, ದೀಪದ ಮಸಿ ಪದರಪದರವಾಗಿ ಕೂತು ಮುಖ ಕಾಡಿಗೆಯಷ್ಟು ಕಪ್ಪಾಗಿತ್ತು, ಕಣ್ಣೆಲ್ಲಿ ಬಾಯೆಲ್ಲಿ ಎಂದು ಬೆರಳಿಟ್ಟು ಹುಡುಕಬೇಕಿತ್ತು. ಈಗ ಗಾಜಿನ ಹಿಂದೆ ಅದು ಮಂಕು ಹಳದಿಯಾಗಿ ಕೂತಿದೆ. ಕಣ್ಣು ಇದೆ, ಬಾಯಿ ಇದೆ, ಮೂಗಿನಲ್ಲಿ ನತ್ತಿನ ತೂತೂ ಇದೆ. ಯಾರ ಮನೆಯ ಮುಖವೂ ಆಗಬಹುದಾದ ಮುಖ.

ಅವಳು ಅದನ್ನು ತಿಕ್ಕಿದ ಮಧ್ಯಾಹ್ನ ಎಷ್ಟು ಸಂತೋಷವಾಗಿದ್ದಳೆಂಬುದೇ ನೆನಪಿನಲ್ಲಿ ಹೆಚ್ಚು ಚುಚ್ಚುವುದು. ಮರುದಿನ ಯಾರೋ ದೊಡ್ಡ ಅಧಿಕಾರಿ ಬರುವವರಿದ್ದರು. ಮೇಷ್ಟ್ರು ಪೇಟೆಗೆ ಹೋಗುವಾಗ, ಬಟ್ಟೆಯಲ್ಲಿ ಧೂಳು ಹೊಡೆದಿಡು, ಮತ್ತೇನೂ ಮಾಡಬೇಡ ಎಂದಿದ್ದರು. ಧೂಳು ಹೊಡೆದು ಮುಗಿಯಿತು. ನಾಲ್ಕು ವಾರದಿಂದ ಅವಳು ಆ ರಿಜಿಸ್ಟರು ನಕಲು ಮಾಡುತ್ತಿದ್ದಳೇ ಹೊರತು, ತನ್ನ ಕೈಯಿಂದ ಆದದ್ದು ಎಂದು ತೋರಿಸುವಂಥದ್ದು ಒಂದೂ ಇರಲಿಲ್ಲ. ಒಂದು ಕೆಲಸ ಮಾತ್ರ ಅವಳಿಗೆ ಯಾರೂ ಕಲಿಸದೆ ಬರುತ್ತಿತ್ತು. ಕಾರ್ಗಲ್‌ನ ಕ್ವಾರ್ಟರ್ಸಿನಲ್ಲಿ ಪ್ರತಿ ಗುರುವಾರ ಸಂಜೆ ಅವ್ವ ಹಿತ್ತಾಳೆ ಸಾಮಾನು ಮುಂದೆ ಹಾಕಿ ಕೂರಿಸುತ್ತಿದ್ದಳು, ಮಗಳು ತಿಕ್ಕಿದ ಚೊಂಬನ್ನು ಅಕ್ಕಪಕ್ಕದವರಿಗೆ ತೋರಿಸಿ ಹಿಗ್ಗುತ್ತಿದ್ದಳು. ಬಿಂದುಶ್ರೀ ಶಾಲೆಯ ಹಳೆಯ ಅಡುಗೆ ಕೋಣೆಯಲ್ಲಿ ನೀರು ಕಾಯಿಸಿದಳು, ಸೀಗೆಪುಡಿ ಹಾಕಿ ಜಿಡ್ಡು ಬಿಡಿಸಿದಳು, ಮೀನಾಕ್ಷಮ್ಮನ ಬಳಿ ಹುಣಸೆಹಣ್ಣು, ರಂಗೋಲಿ ಪುಡಿ ಕೇಳಿ ತಂದು ತೆಂಗಿನ ನಾರಿನಲ್ಲಿ ತಿಕ್ಕಿದಳು. ಕಪ್ಪು ನೀರು ಬಚ್ಚಲಲ್ಲಿ ಹರಿದು ಹೋಯಿತು. ಮೊದಲು ಹಣೆ ಬಂತು, ಆಮೇಲೆ ಕೆನ್ನೆ, ಕೊನೆಗೆ ಕಣ್ಣು. ತಾನೇ ಅದಕ್ಕೆ ಕಣ್ಣು ಕೊಟ್ಟೆನೆಂಬ ಹೆಮ್ಮೆಯಿಂದ ಎರಡು ಫೋಟೋ ತೆಗೆದಳು. ಹಿಂದಿನ ವಾರ ತೆಗೆದಿದ್ದ ಕಪ್ಪು ಮುಖದ ಫೋಟೋದ ಪಕ್ಕದಲ್ಲಿಟ್ಟು ನೋಡಿಕೊಂಡಳು. ಸಂಜೆ ಬಂದ ಮೇಷ್ಟ್ರು ಮುಖವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಆಮೇಲೆ, "ನಾಳೆ ಮಂಗಳವಾರ, ಅಲ್ಲವಾ?" ಎಂದರು.

ಮರುದಿನ ಅಧಿಕಾರಿ ಬರಲಿಲ್ಲ. ಮಾಸ್ತಮ್ಮ ಬಂದಳು, ಬಾಗಿಲಲ್ಲೇ ಬಿಂದುಶ್ರೀಯನ್ನು ಯಾರ ಮಗಳು, ಯಾವ ಪೈಕಿ ಎಂದು ವಿಚಾರಿಸಿಕೊಂಡಳು. ಎಣ್ಣೆ ಬಾಟಲಿ, ಬತ್ತಿ, ದಾಸವಾಳ. ಮುಖದ ಮುಂದೆ ನಿಂತವಳು ಅತ್ತಿತ್ತ ನೋಡಿದಳು, ಜಾಗ ತಪ್ಪಿ ಬಂದೆನೇನೋ ಎಂಬಂತೆ. "ಇದ್ಯಾವುದು ಮೇಷ್ಟ್ರೆ? ನಮ್ದೆಲ್ಲಿ?" ಎಂದಳು. ಮೇಷ್ಟ್ರು ಒಮ್ಮೆ ಬಿಂದುಶ್ರೀಯ ಕಡೆ ನೋಡಿದರು. ಆ ನೋಟ ಎರಡು ಉಸಿರಿನಷ್ಟು ಹೊತ್ತು ಇತ್ತು, ಅವಳಿಗೆ ಬಾಯಿ ತೆರೆಯಲು ಕೊಟ್ಟ ಅವಕಾಶ ಅದು. ಅವಳು ನೆಲ ನೋಡಿದಳು. "ನಂದೇ ತಪ್ಪು ಮಾಸ್ತಮ್ಮ. ದೊಡ್ಡೋರು ಬರ್ತಾರೆ ಅಂತ ನಾನೇ ತಿಕ್ಕಿಟ್ಟೆ. ಬುದ್ಧಿ ಕೆಟ್ಟಿತ್ತು" ಎಂದರು. ಮಾಸ್ತಮ್ಮ ಇವಳ ಕಡೆ ತಿರುಗಿದಳು. "ನೀ ನಮ್ಮೋರ ಹುಡ್ಗಿ ಅಲ್ವಾ? ಅವರಿಗೆ ಗೊತ್ತಾಗ್ದಿದ್ರೆ ಬಿಡು. ನೀನಾದ್ರೂ ಬ್ಯಾಡ ಅನ್ಬಾರ್ದಿತ್ತಾ?" ಬಿಂದುಶ್ರೀ ಹೇಳಿದಳು, "ನಾನು ನಿನ್ನೆ ಇರಲಿಲ್ಲ ದೊಡ್ಡಮ್ಮ." ಯಾರೂ ಕೇಳದೆ ಬಂದ ಸುಳ್ಳು. ಸುಮ್ಮನಿದ್ದರೂ ಸಾಕಾಗುತ್ತಿತ್ತು. ಮಾಸ್ತಮ್ಮ ಎಣ್ಣೆ ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಬತ್ತಿ ಹೊಸೆಯದೆ, ಹೊರಟು ಹೋದಳು. ಆಮೇಲೆ ಆ ಶಾಲೆಗೆ ಅವಳು ಕಾಲಿಡಲಿಲ್ಲ. ಅವಳ ಕೇರಿಯವರು ಯಾರೂ ವಸ್ತು ತರಲಿಲ್ಲ, ಅವರನ್ನು ನೋಡಿ ಬೇರೆಯವರೂ ತರಲಿಲ್ಲ. ರಿಜಿಸ್ಟರಿನಲ್ಲಿ ಆ ವರ್ಷದ ನಂತರ ಹಾಳೆಗಳು ಖಾಲಿ ಇವೆ ಎಂಬುದನ್ನು ಇವತ್ತು ಬಿಂದುಶ್ರೀ ಪುಟ ತಿರುವಿ ನೋಡಿದಳು, ಇನ್ನೊಮ್ಮೆ ತಿರುವಿದಳು.

ಇಂಟರ್ನ್‌ಶಿಪ್ ವರದಿಗೆ ವಿಷಯ ಬೇಕಿತ್ತು. ಮೇಷ್ಟ್ರು ಒಂದು ಮಾತೂ ಬೈಯದೆ, ಕಪಾಟಿನಿಂದ ಎರಡು ಹಳೆಯ ಪುಸ್ತಕ ತೆಗೆದು ಕೊಟ್ಟಿದ್ದರು. ಲೋಹದ ಮೇಲಿನ ಪದರ ಎಂದರೇನು, ಅದನ್ನು ಏಕೆ ಮುಟ್ಟಬಾರದು ಎಂದು ಅವಳು ಮೊದಲು ಓದಿದ್ದು ಆ ಬೆಂಚಿನ ಮೇಲೆ, ಉಳಿದ ಎರಡು ವಾರದಲ್ಲಿ. ವರದಿಯಲ್ಲಿ 'ಶುಚಿಗೊಳಿಸಲಾಗಿತ್ತು' ಎಂದಷ್ಟೇ ಬರೆದಳು. ಸಂರಕ್ಷಣೆಯ ಕೋರ್ಸಿನ ಸಂದರ್ಶನದಲ್ಲಿ ಯಾರೋ 'ಯಾರು ಮಾಡಿದ್ದು?' ಎಂದು ಕೇಳಿದರು, 'ಅಲ್ಲಿನ ಪಾಲಕರು' ಎಂಬ ಉತ್ತರ ಎಡವದೆ ಬಂತು, ಸೀಟು ಸಿಕ್ಕಿತು. ಆಮೇಲೆ ಲೇಖನ, ಆಮೇಲೆ ಕೆಲಸ, ಆಮೇಲೆ ಉಪನ್ಯಾಸಗಳು. ಎಲ್ಲ ಉಪನ್ಯಾಸಗಳಲ್ಲೂ ಮೊದಲ ಸ್ಲೈಡು ಅದೇ: ಎಡಕ್ಕೆ ಕಪ್ಪು ಮುಖ, ಬಲಕ್ಕೆ ಹಳದಿ ಮುಖ, ಕೆಳಗೆ 'ಹೋದದ್ದು ಮರಳುವುದಿಲ್ಲ'. 'ಹಳ್ಳಿಯ ಮೇಷ್ಟ್ರೊಬ್ಬರು ಹುಣಸೆಹಣ್ಣು, ಬೂದಿ ಹಾಕಿ...' ಎನ್ನುವಾಗ ಸಭೆ ನಗುತ್ತದೆ. ಎಲ್ಲಿ ನಿಲ್ಲಿಸಿದರೆ ನಗು ಜೋರಾಗುತ್ತದೆಂದು ಅವಳಿಗೆ ಗೊತ್ತು, ಅಲ್ಲೇ ನಿಲ್ಲಿಸುತ್ತಾಳೆ. ಆ ಆರು ವಾರ ಇಲ್ಲದಿದ್ದರೆ ತಾನು ಎಲ್ಲೋ ಒಂದು ಹೈಸ್ಕೂಲಿನಲ್ಲಿ ಇಸವಿ ಬಾಯಿಪಾಠ ಮಾಡಿಸುತ್ತಿದ್ದೆ. ಆ ಮಧ್ಯಾಹ್ನ ಇಲ್ಲದಿದ್ದರೆ ಈ ಕೆಲಸವೂ ಇಲ್ಲ, ಈ ಕಣ್ಣೂ ಇಲ್ಲ. ಹೀಗೆ ಯೋಚಿಸುವಾಗ ಅವಳಿಗೆ ತನ್ನ ಮೇಲೆ ಹೇಸಿಗೆಯಾಗುತ್ತದೆ, ಹೇಸಿಗೆಯಾಯಿತಲ್ಲ ಎಂದು ಒಂದಿಷ್ಟು ಸಮಾಧಾನವೂ ಆಗುತ್ತದೆ.

"ಗೆದ್ದಲು ಈ ವರ್ಷ ಜಾಸ್ತಿ" ಎನ್ನುತ್ತಿದ್ದರು ಮೇಷ್ಟ್ರು. "ಬಾಗಿಲ ಚೌಕಟ್ಟು ಬದಲಾಯಿಸ್ಬೇಕು. ಅದನ್ನ ಬರ್ಕೊಳ್ಳಿ." ಅವಳು ಬರೆದುಕೊಂಡಳು. ಸರ್, ನಿಮ್ಮ ಹತ್ತಿರ ಒಂದು ಮಾತು ಎಂದು ಎರಡು ಸಲ ಶುರುಮಾಡಿದಳು, ಎರಡು ಸಲವೂ ಅವರು ಗೆದ್ದಲಿಗೆ ಮರಳಿದರು. ಕೊನೆಗೆ ತಾವೇ ಹೇಳಿದರು, "ನಿಮ್ಮ ಲೇಖನ ಓದಿದೆ. ಭಾನುವಾರದ ಪುರವಣಿಯಲ್ಲಿ ಕನ್ನಡದಲ್ಲೂ ಬಂದಿತ್ತಲ್ಲ, ತೀರ್ಥಹಳ್ಳಿಯಿಂದ ನಮ್ಮ ಗೌರೀಶ ತಂದುಕೊಟ್ಟ. ಭಾಷೆ ಚೆನ್ನಾಗಿದೆ. ಒಂದು ಕಡೆ ಮಾತ್ರ ತಪ್ಪಿದೆ." ಬಿಂದುಶ್ರೀ ಪೆನ್ನು ಕೆಳಗಿಟ್ಟಳು. ಬಂತು, ಇಷ್ಟು ವರ್ಷದ ಮೇಲೆ ಬಂತು, ಸದ್ಯ ಬಂತಲ್ಲ ಎನ್ನಿಸಿತು. "ಬೂದಿ ಅಂತ ಬರೆದಿದ್ದೀರಿ. ಬೂದಿ ಅಲ್ಲ. ನಮ್ಮನೆಯವಳ ಹತ್ರ ಅವತ್ತು ರಂಗೋಲಿ ಪುಡಿ ಇಸ್ಕೊಂಡು ಹೋಗಿದ್ರಿ ನೀವು. ಹುಣಸೆಹಣ್ಣು, ರಂಗೋಲಿ ಪುಡಿ. ದಾಖಲೆ ಅಂದ್ಮೇಲೆ ಸರಿಯಾಗಿರ್ಬೇಕು." ಅಷ್ಟೇ. ಅವರ ಮುಖದಲ್ಲಿ ಕೊಂಕಿರಲಿಲ್ಲ, ನೋವೂ ಕಾಣಲಿಲ್ಲ. ಮಗುವಿನ ಕೂಡುವ ಲೆಕ್ಕ ತಿದ್ದಿದ ಮೇಷ್ಟ್ರ ಮುಖ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅವಳು 'ಸರಿ ಸರ್, ತಿದ್ದುತ್ತೇನೆ' ಎಂದಳು, ಅಂದದ್ದು ಕೇಳಿ ತನಗೇ ನಾಚಿಕೆಯಾಯಿತು. "ವರದಿ ನೀವು ಹೆಂಗೆ ಬರೀಬೇಕೋ ಹಂಗೆ ಬರೀರಿ" ಎಂದರು ಅವರು ಎದ್ದು ನಿಲ್ಲುತ್ತ. "ಆದ್ರೆ ಸಾಗಿಸೋದಾದ್ರೆ ದಾನಿಗಳ ಒಪ್ಪಿಗೆ ಬೇಕು ಅಂತ ನಿಮ್ಮ ಕಾಗದದಲ್ಲೇ ಇದೆ. ಮಾಸ್ತಮ್ಮ ಇದ್ದಾಳೆ. ಅವಳನ್ನ ಕೇಳದೆ ಆ ಮುಖ ಎತ್ತಬೇಡಿ. ನನ್ನ ಜೊತೆ ಬೇಡ, ನೀವೇ ಹೋಗಿ. ನಾನು ಹೋದ್ರೆ ಅವಳು ಮಾತಾಡಲ್ಲ."

ಹೊಸನಗರ ಪೇಟೆ ಮುಗಿಯುವಲ್ಲಿ ಮಾಸ್ತಮ್ಮನ ಮಗ ಕಾಂತರಾಜನ ಬೈಕ್ ಗ್ಯಾರೇಜು, ಅದರ ಹಿಂದೆಯೇ ಮನೆ. ಗಾಳಿ ಹೊಡೆಯುವ ಕಂಪ್ರೆಸರ್ ಒದರುತ್ತಿತ್ತು. ಮಾಸ್ತಮ್ಮ ಜಗಲಿಯಲ್ಲಿ ಮೊರ ಇಟ್ಟುಕೊಂಡು ಹುರುಳಿಯ ಕಲ್ಲು ಆರಿಸುತ್ತಿದ್ದಳು. ಕಣ್ಣೆತ್ತಿ ಒಂದು ಗಳಿಗೆ ನೋಡಿದಳು. "ದಪ್ಪ ಆಗಿದೀಯ. ಕೂತ್ಕ" ಎಂದಳು. ಗುರುತು ಹೇಳುವ ಕೆಲಸ ತಪ್ಪಿತು. ಬಿಂದುಶ್ರೀ ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು, ದೊಡ್ಡಮ್ಮ, ಹೀಗೆ ಹೀಗೆ, ಮುಖವನ್ನು ದೊಡ್ಡ ಜಾಗಕ್ಕೆ ಒಯ್ಯುವ ಮಾತಿದೆ, ನಿಮ್ಮ ಒಪ್ಪಿಗೆ ಬೇಕು ಎಂದು, ಕಚೇರಿಯ ಕನ್ನಡವನ್ನು ಆದಷ್ಟು ಮೆತ್ತಗೆ ಮಾಡಿ ಹೇಳಿದಳು. "ಹೆಬ್ಬೆಟ್ಟು ಆಮೇಲೆ ಒತ್ತನ. ಅದ್ರಲ್ಲಿ ಎಂತ ಬರ್ದಿದೆ, ಓದು ಮೊದ್ಲು." ಬಿಂದುಶ್ರೀ ಓದಿದಳು. ಕಟ್ಟಡದ ಸ್ಥಿತಿ ಓದಿದಳು, ವಸ್ತುಗಳ ಸಂಖ್ಯೆ ಓದಿದಳು. ಎಂಟು ಮುಗಿದು ಒಂಬತ್ತನೆಯ ಪ್ರಶ್ನೆ ಓದಿ ನಿಲ್ಲಿಸಿದಳು.

"ಎಂತಕ್ಕೆ ನಿಲ್ಸ್ದೆ?"

"ಅಲ್ಲಿ ಇನ್ನೂ ಏನೂ ಬರೆದಿಲ್ಲ."

"ಬರಿಯಕ್ಕೆ ಎಂತ ಕಷ್ಟ? ಮೇಷ್ಟ್ರು ತಿಕ್ಕಿದ್ರು ಅಂತ ಬರಿ. ಅವರೇ ಬಾಯ್ಬಿಟ್ಟು ಹೇಳಿದ್ರಲ್ಲ. ನೀನೂ ಅಲ್ಲೇ ನಿಂತ್ಕಂಡಿದ್ದೆ."

ಹುರುಳಿಯಲ್ಲಿ ಬೆರಳಾಡುತ್ತಿತ್ತು. ಒಂದು ಕಲ್ಲು ಸಿಕ್ಕಿತು, ಅಂಗಳಕ್ಕೆ ಬಿತ್ತು. ಸುಮ್ಮನೆ ಬರೆದು, ಹೆಬ್ಬೆಟ್ಟು ಒತ್ತಿಸಿಕೊಂಡು, ನಾಲ್ಕು ಗಂಟೆಗೆ ಸಾಗರ ಸೇರಿಬಿಡಬಹುದು ಎಂದು ಬಿಂದುಶ್ರೀಗೆ ಅನ್ನಿಸಿದ್ದು ನಿಜ. ಇಷ್ಟು ಸುಲಭದ ದಾರಿಯನ್ನು ಈ ಹೆಂಗಸೇ ಗುಡಿಸಿ ಕೊಡುತ್ತಿದ್ದಾಳಲ್ಲ ಎಂದು ಅನುಮಾನವೂ ಆಯಿತು. ಬಾಯಿ ಮಾತ್ರ ಯಾಕೋ ಆ ದಾರಿಗೆ ಹೋಗಲಿಲ್ಲ.

"ಅವರಲ್ಲ ದೊಡ್ಡಮ್ಮ. ನಾನು ತಿಕ್ಕಿದ್ದು."

"ಗೊತ್ತು" ಎಂದಳು ಮಾಸ್ತಮ್ಮ, ಮೊರ ಕೊಡವುತ್ತ. "ಅವತ್ತೇ ಗೊತ್ತಾಯ್ತು. ಆ ಮೇಷ್ಟ್ರು ಕುಡ್ದ ಲೋಟ ತೊಳ್ದಿಟ್ಟೋರಲ್ಲ. ಮೂಗಿನ ಸಂದಿ, ಕಿವಿ ಹಿಂದೆ ಎಲ್ಲ ಹಂಗೆ ಬೆರಳು ಹಾಕಿ ತಿಕ್ಕಕ್ಕೆ ಅವರಿಗೆ ಎಲ್ಲಿಂದ ಬರ್ಬೇಕು? ಗುರ್ವಾರ ಗುರ್ವಾರ ತಿಕ್ಕಿ ಅಭ್ಯಾಸ ಇರೋ ಕೈ ಅದು. ನಮ್ ಮನೆ ಹೆಣ್ಮಕ್ಳ ಕೈ."

ಬಿಂದುಶ್ರೀ ತನ್ನ ಬೆರಳುಗಳನ್ನು ನೋಡಿಕೊಂಡಳು. ಹನ್ನೊಂದು ವರ್ಷ ತಾನು ಮುಚ್ಚಿಟ್ಟಿದ್ದೇನೆ ಎಂದುಕೊಂಡದ್ದು, ಯಾರಿಂದ ಮುಚ್ಚಿಡಬೇಕಿತ್ತೋ ಅವರ ಕಣ್ಣೆದುರೇ ಬಿದ್ದಿತ್ತು. "ಹಾಗಾದ್ರೆ ಯಾಕೆ ಅವತ್ತು ಕೇಳಲಿಲ್ಲ?" ಎಂದಳು. ಧ್ವನಿಯಲ್ಲಿ ಆಕ್ಷೇಪಣೆ ಇತ್ತು, ಅದನ್ನು ಕೇಳಿಸಿಕೊಂಡು ಅವಳಿಗೇ ಬೇಸರವಾಯಿತು.

"ಕೇಳಿದ್ನಲ್ಲ. ನೀನಾದ್ರೂ ಬ್ಯಾಡ ಅನ್ಬಾರ್ದಿತ್ತಾ ಅಂತ ಕೇಳ್ದೆ. ನಿನ್ನೆ ನಾ ಇರ್ಲೇ ಇಲ್ಲ ಅಂದೆ."

"ಮುಖ ಹಾಳಾಯ್ತು ಅಂತ ನೀವು ಬರೋದು ಬಿಟ್ರಿ..."

"ಮುಖಕ್ಕೆಂತ ಆಗಿತ್ತು?" ಮಾಸ್ತಮ್ಮ ಮೊದಲ ಸಲ ಕೈ ನಿಲ್ಲಿಸಿದಳು. "ಎಣ್ಣೆ ಹಚ್ಚಿ ದೀಪ ಇಟ್ಟಿದ್ರೆ ಹತ್ತು ವರ್ಷಕ್ಕೆ ಮತ್ತೆ ಕಪ್ಪಾಗ್ತಿತ್ತು. ನಮ್ಮತ್ತೆನೂ ಒಂದ್ಸಲ ತಿಕ್ಕಿದ್ರಂತೆ, ನಮ್ ಕಾಂತನ ಅಪ್ಪ ಹುಟ್ಟಿದ ವರ್ಷ. ಚೌಡಿ ಅವ್ಳು, ಹುಣಸೆಹಣ್ಣಿಗೆ ಹೋಗ್ತಾಳಾ? ನಾ ಬರೋದು ಬಿಟ್ಟಿದ್ದು ಅದ್ಕಲ್ಲ. ಅವ್ಳ ಎದ್ರಿಗೇ ನಿಂತು ಅವ್ರೊಂದು ಸುಳ್ಳು ಹೇಳಿದ್ರು, ನೀನೊಂದು ಹೇಳ್ದೆ. ಇಬ್ರೂ ಓದ್ದೋರು. ಸುಳ್ಳು ಹೇಳಿದ್ ಜಾಗದಲ್ಲಿ ದೀಪ ಹಚ್ಚೋದು ಹೆಂಗೆ? ನೀನೇ ಒಂದಿನ ಬಂದು ಹೇಳ್ತೀಯೇನೋ ಅಂತ ಎರ್ಡು ದೀಪಾವಳಿ ನೋಡ್ದೆ. ಆಮೇಲೆ ಮರ್ತೆ."

ಹೋದದ್ದು ಮರಳುವುದಿಲ್ಲ. ಎಷ್ಟು ಊರಿನ ಎಷ್ಟು ಸಭೆಗಳಲ್ಲಿ ಆ ವಾಕ್ಯದ ಕೆಳಗೆ ನಿಂತಿದ್ದಳೋ ಬಿಂದುಶ್ರೀ. ಹೋದದ್ದು ಏನೆಂದು ಅವಳಿಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷ ಎಣ್ಣೆ ಬಿದ್ದಿದ್ದರೆ ಇಷ್ಟರಲ್ಲಿ ಕಪ್ಪಾಗಿರುತ್ತಿತ್ತು ಎಂಬ ಲೆಕ್ಕ ತಲೆಯೊಳಗೆ ತಾನಾಗಿಯೇ ನಡೆಯಿತು. ಹೋದ ವರ್ಷಕ್ಕೇ. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ಅವಳಿಗೆ ಭಯವಾಗುತ್ತಿತ್ತು, ಸಾದಾ ಭಯ. ಗಿರಿಧರರ ಮುಖ, ಮೊದಲ ಸ್ಲೈಡು, ಮುಂದಿನ ತಿಂಗಳ ಬಡ್ತಿಯ ಪಟ್ಟಿ, ಹರ್ಷವರ್ಧನ ಕಳಿಸಬಹುದಾದ ಒಂದು ಸಾಲಿನ ಸಂದೇಶ. ಪೆನ್ನು ತೆಗೆದಳು. ತೊಡೆಯ ಮೇಲೆ ಕಾಗದವಿಟ್ಟು ಬರೆದಳು, ಬರೆದದ್ದನ್ನು ಕೇಳದೆಯೇ ಓದಿ ಹೇಳಿದಳು.

"ಹಾನಿಯಾಗಿದೆ. ಪಾಲಕರ ಸ್ಪಷ್ಟ ಸೂಚನೆಯನ್ನು ಮೀರಿ, ತರಬೇತಿಗೆಂದು ಬಂದಿದ್ದ ವಿದ್ಯಾರ್ಥಿನಿಯೊಬ್ಬಳಿಂದ."

"ಯಾವ ವಿದ್ಯಾರ್ಥಿನಿ?" ಎಂದಳು ಮಾಸ್ತಮ್ಮ. "ಹೆಸ್ರಿಲ್ವಾ ಅವ್ಳಿಗೆ?"

ಬಿಂದುಶ್ರೀ ಆ ಸಾಲು ಹೊಡೆದು ಹಾಕಿದಳು. ಕೆಳಗೆ ಜಾಗ ಕಡಿಮೆ ಇತ್ತು, ಅಕ್ಷರ ಸಣ್ಣದು ಮಾಡಬೇಕಾಯಿತು. ಬರೆದು ಮುಗಿಸಿ ಮತ್ತೆ ಓದಿದಳು. "ಹಾನಿ ಮಾಡಿದ್ದು ಪಾಲಕರಲ್ಲ. ಆಗ ತರಬೇತಿಯಲ್ಲಿದ್ದ ಬಿಂದುಶ್ರೀ, ಈ ವರದಿಯನ್ನು ಸಲ್ಲಿಸುತ್ತಿರುವವಳು. ಬೇಡವೆಂದು ಹೇಳಿದ್ದರೂ ಕೇಳದೆ ಮಾಡಿದಳು. ಮೇಷ್ಟ್ರು ತಮ್ಮ ಮೇಲೆ ಹಾಕಿಕೊಂಡರು, ಅವಳು ಸುಮ್ಮನಿದ್ದಳು. ಆಮೇಲೆ ಬರೆದದ್ದು, ಹೇಳಿದ್ದು ಎಲ್ಲ ಸುಳ್ಳು." ಇದು ಕಚೇರಿಯ ಭಾಷೆಯಲ್ಲ ಎಂದು ಓದುವಾಗಲೇ ಗೊತ್ತಾಯಿತು. ಕೆಳಗೆ ಸಹಿ ಹಾಕಿದಳು, ತಾರೀಖು ಹಾಕಿದಳು. ಒಪ್ಪಿಗೆಯ ಹಾಳೆ ಹೆಬ್ಬೆಟ್ಟಿಲ್ಲದೆ ಮೊರದ ಪಕ್ಕ ಬಿದ್ದಿತ್ತು, ಅದನ್ನು ಅವಳು ಎತ್ತಿಕೊಳ್ಳಲಿಲ್ಲ.

ಮಾಸ್ತಮ್ಮ ಮೊರವನ್ನು ಪಕ್ಕಕ್ಕೆ ಸರಿಸಿ, ಮಂಡಿಗೆ ಕೈ ಊರಿ ಎದ್ದು ನಿಂತು, ಗ್ಯಾರೇಜಿನ ಕಡೆ ತಿರುಗಿ ಕೂಗಿದಳು. "ಏ ಕಾಂತ, ಆ ಮಿಶನ್ ಬಂದ್ ಮಾಡು. ಕೆಲ್ಸ ಬಿಟ್ಟು ಇಲ್ಲಿ ಬನ್ನಿ ಎಲ್ಲ." ಕಂಪ್ರೆಸರ್ ನಿಂತಿತು. ಗ್ರೀಸಿನ ಕೈ ಒರೆಸಿಕೊಳ್ಳುತ್ತ ಕಾಂತರಾಜ ಬಂದ, ಬೈಕು ರಿಪೇರಿಗೆ ಬಂದ ಇಬ್ಬರು ಬಂದರು, ಜೀಪಿನಿಂದ ದುರ್ಗೇಶನೂ ಇಳಿದು ಬಂದ. ಎಲ್ಲರೂ ಜಗಲಿಯ ಕೆಳಗೆ ನಿಂತು ಕುರ್ಚಿಯಲ್ಲಿದ್ದ ಮೇಡಮ್ಮನ್ನು ನೋಡಿದರು. ಬಿಂದುಶ್ರೀ ಕುರ್ಚಿಯಿಂದ ಎದ್ದಳು.

"ಈಗ ಇನ್ನೊಂದ್ಸಲ ಓದು" ಎಂದಳು ಮಾಸ್ತಮ್ಮ.